ಎರಡೇ ಮಾತಿನ ಕಂಡಕ್ಟರ್

ನಮ್ಮಪ್ಪ ಪಕೀರಪ್ಪನಿಗೆ ಲಕ್ವಾ ಹೊಡೆದಾಗ ಬಲಗೈ ಹೋಯಿತು, ಬಲಗಾಲು ಅರ್ಧ ಹೋಯಿತು, ಮಾತು ಪೂರಾ ಹೋಯಿತು ಅಂದುಕೊಂಡಿದ್ದೆವು. ಪೂರಾ ಹೋಗಿರಲಿಲ್ಲ. ಆಸ್ಪತ್ರೆಯಲ್ಲಿ ನಾಲ್ಕನೆಯ ದಿನ, ನರ್ಸಮ್ಮ ಡ್ರಿಪ್ಪಿನ ಸ್ಟ್ಯಾಂಡನ್ನು ಗರಗರ ಎಳೆದುಕೊಂಡು ಹೊರಟಾಗ ಅಪ್ಪ ಕಣ್ಣು ಮುಚ್ಚಿಕೊಂಡೇ, ಸೊಟ್ಟಗಾದ ಬಾಯಲ್ಲಿ, ಆದರೂ ಸ್ಪಷ್ಟವಾಗಿ ಕೇಳಿಸುವಂತೆ, "ರೈಟ್" ಅಂದ. ಅವಳು ಬೆಚ್ಚಿ ನಿಂತಳು. ಅಪ್ಪ "ಹೋಲ್ಡಾನ್" ಅಂದ.

ಅವ್ವ ಮತ್ತು ನಾನು ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಅತ್ತೆವು. ಎರಡು ಮಾತು ಬಂದ ಮೇಲೆ ಉಳಿದವು ಹಿಂದಿನಿಂದ ಬರುತ್ತವೆ ಎಂದು ನಮ್ಮ ಲೆಕ್ಕ. ಬರಲಿಲ್ಲ. ಇಪ್ಪತ್ತೆಂಟು ವರ್ಷ ಹೊಸಪೇಟೆ–ಕಂಪ್ಲಿ ರೂಟಿನಲ್ಲಿ ಕಂಡಕ್ಟರಾಗಿದ್ದ ಮನುಷ್ಯ. ಯಾವ ಮುದುಕಿ ಯಾವ ಊರಿನ ಯಾವ ಮರದ ಕೆಳಗೆ ಇಳಿಯಬೇಕು ಎಂದು ಅವಳಿಗಿಂತ ಮೊದಲು ಇವನಿಗೆ ನೆನಪಾಗುತ್ತಿತ್ತು. ಬಾಯಿದ್ದವನು ಬರಗಾಲದಲ್ಲೂ ಬದುಕುತ್ತಾನೆ ಅನ್ನುತ್ತಾರಲ್ಲ, ಆ ಗಾದೆಯನ್ನು ಅಪ್ಪನನ್ನು ನೋಡಿಯೇ ಕಟ್ಟಿರಬೇಕು. ಅಂಥವನ ಹತ್ತಿರ ಉಳಿದದ್ದು ಎರಡು ಮಾತು, ಅವೂ ಇಂಗ್ಲಿಷು.

ಹೊಸಪೇಟೆಯಲ್ಲಿ ಮಾತು ಕಲಿಸುವ ಡಾಕ್ಟರಮ್ಮ ಇದ್ದರು. ದಿನಕ್ಕೆ ನೂರು ಸಲ ಆಡಿದ ಮಾತು ಕೆಲವರಲ್ಲಿ ಹೀಗೆ ಉಳಿದುಬಿಡುತ್ತದೆ, ಅದು ನಾಲಿಗೆಗೆ ರೂಢಿಯಾಗಿ ಹೋಗಿರುತ್ತದೆ, ಹೊಸದಾಗಿ ಯೋಚಿಸಿ ಆಡಬೇಕಾದ ಮಾತೇ ಕಷ್ಟ ಎಂದು ಅವರು ಬಿಡಿಸಿ ಹೇಳಿದರು. ಅವ್ವ ಎಲ್ಲ ಕೇಳಿಸಿಕೊಂಡು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಒಂದೇ ಮಾತು ಹೇಳಿದಳು.

"ಭಾಳ ಮಾತು ಬ್ಯಾಡ್ರಿ ಮೇಡಂ. ಒಂದ್ಸಲ ನನ್ನ ಕರದ್ರ ಸಾಕು."

ಡಾಕ್ಟರಮ್ಮನಿಗೆ ಅದು ಸಣ್ಣ ಬೇಡಿಕೆಯಾಗಿ ಕೇಳಿಸಿರಬೇಕು. ನಮ್ಮ ಮನೆಯಲ್ಲಿ ಅದು ಸಣ್ಣದಾಗಿರಲಿಲ್ಲ. ಅಪ್ಪ ಡ್ಯೂಟಿ ಮುಗಿಸಿ ಬಂದರೆ ಗೇಟಿನಿಂದಲೇ "ಏ ಬಾರ ಇಲ್ಲಿ" ಎಂದು ಕೂಗುತ್ತಿದ್ದ. ಹೆಸರು ಹಿಡಿದು ಕರೆದವನಲ್ಲ. ಅನುಸೂಯಾ ಎಂಬ ಹೆಸರು ಅವ್ವನ ಆಧಾರ್ ಕಾರ್ಡಿನಲ್ಲಿ ಮಾತ್ರ ಇತ್ತು. ಆದರೆ ಆ ಕೂಗಿಗೆ ಅವ್ವ ಒಲೆಯ ಮುಂದಿನಿಂದ ಎದ್ದು ಹೋಗುವ ರೀತಿಯೇ ಬೇರೆ. ಲಕ್ವಾ ಹೊಡೆದ ಮೇಲೆ ಅಪ್ಪ ಅವ್ವನನ್ನು ಕರೆಯಬೇಕಾದರೆ ಸ್ಟೀಲಿನ ಲೋಟವನ್ನು ಮಂಚದ ಕಬ್ಬಿಣಕ್ಕೆ ಬಡಿಯತೊಡಗಿದ. ಠಣ್ ಅಂದರೆ ಅವ್ವ ಹೋಗುತ್ತಿದ್ದಳು. ಆದರೆ ಪ್ರತಿ ಠಣ್ಣಿಗೂ ಅವಳ ಮುಖ ಒಂದಿಷ್ಟು ಸಣ್ಣದಾಗುತ್ತಿತ್ತು. ನನಗೆ ಅದನ್ನು ನೋಡಲು ಆಗುತ್ತಿರಲಿಲ್ಲ.

ನಮ್ಮ ಮನೆ ಕಮಲಾಪುರದ ಅಂಚಿನಲ್ಲಿ, ಕಾಲುವೆಯ ಪಕ್ಕದಲ್ಲಿ. ನಾನು ಸುಧಾರಾಣಿ, ಒಬ್ಬಳೇ ಮಗಳು, ಹೊಸಪೇಟೆಯ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆಯ ಕೆಲಸ. ಬೆಳಿಗ್ಗೆ ನಾನು ಬಸ್ಸು ಹಿಡಿಯಲು ಹೊರಡುವಾಗ ಅಪ್ಪ ಮಂಚದ ಮೇಲೆ ಗೋಡೆಯ ಬುದ್ಧನ ಪಟಕ್ಕೆ ಮುಖ ಮಾಡಿ ಕೂತಿರುತ್ತಿದ್ದ. ಸಂಜೆ ಬಂದಾಗಲೂ ಹಾಗೆಯೇ. ಕಾಲಿನಲ್ಲಿ ಶಕ್ತಿ ಇತ್ತು, ನಡೆಸಬೇಕು ಎಂದು ಡಾಕ್ಟರು ಹೇಳಿದ್ದರು. ಅಪ್ಪ ಹೊಸ್ತಿಲು ದಾಟುತ್ತಿರಲಿಲ್ಲ. ಹೊರಗೆ ಹೋದರೆ ಜನ ಮಾತಾಡಿಸುತ್ತಾರೆ, ಉತ್ತರ ಕೊಡಲು ಆಗುವುದಿಲ್ಲ, ಅಷ್ಟೇ. ಇಡೀ ತಾಲೂಕನ್ನು ಮಾತಾಡಿಸಿದವನಿಗೆ ಆ ನಾಚಿಕೆ ಎಷ್ಟು ಭಾರವಿತ್ತೋ. ಮಧ್ಯಾಹ್ನ ನಿದ್ದೆ ಬಂದಾಗ ಮಾತ್ರ ಅವನ ಎಡಗೈ ಬೆರಳುಗಳು ಎದೆಯ ಮೇಲೆ ಮೆಲ್ಲಗೆ ಆಡುತ್ತಿದ್ದವು. ಹಳೆಯ ಕಾಲದ ಟಿಕೆಟ್ ಹರಿದು, ಮಡಿಚಿ, ಯಾರಿಗೋ ಕೊಡುತ್ತಿದ್ದವು. ಕನಸಿನ ಬಸ್ಸಿನಲ್ಲಿ ಸೀಟೆಲ್ಲ ತುಂಬಿದ್ದಿರಬೇಕು.

ಐದನೆಯ ತಿಂಗಳಲ್ಲಿ ಮಲ್ಲೇಶ್ ಕಾಕಾ ಬಂದ. ಅಪ್ಪನ ಬಸ್ಸನ್ನು ಹನ್ನೊಂದು ವರ್ಷ ಓಡಿಸಿದ ಡ್ರೈವರ್. ಅಂಗಿಯೊಳಗೆ ಏನೋ ಮಿಸುಕಾಡುತ್ತಿತ್ತು. ಡಿಪೋ ಕ್ಯಾಂಟೀನಿನ ಹಿಂದೆ ಈದಿದ್ದ ನಾಯಿಯ ಮರಿ. ನಾಡುತಳಿ, ಮಣ್ಣಿನ ಬಣ್ಣ, ಒಂದು ಕಿವಿ ನೆಟ್ಟಗೆ, ಒಂದು ಕಿವಿ ಜೋಲು. ಅದನ್ನು ಅಪ್ಪನ ಮಡಿಲಿಗೆ ಬಿಟ್ಟು ಕಾಕಾ ಹೇಳಿದ:

"ಹನ್ನೊಂದು ವರ್ಷ ನೀ ರೈಟ್ ಅಂದ್ರ ಹೋಗೀನಿ, ಹೋಲ್ಡಾನ್ ಅಂದ್ರ ನಿಂತೀನಿ. ಇನ್ ಮ್ಯಾಗ ಇವ್ರು ಡ್ರೈವರ್ ಸಾಹೇಬ್ರು. ನೋಡ್ಕೊ."

ಅಪ್ಪ ಅರ್ಧ ಮುಖದಲ್ಲಿ ನಕ್ಕ. ನಾಯಿಗೆ ಡ್ರೈವರ್ ಎಂಬ ಹೆಸರು ಅಂಟಿಕೊಂಡಿತು. ಅವ್ವ ಮಾತ್ರ ಮೂಗು ಮುರಿದಳು. ನಾಯಿ ಬಾಲವನ್ನು ನಳಿಕೆಯಲ್ಲಿಟ್ಟರೂ ಡೊಂಕೇ, ಇದನ್ನು ತಿದ್ದುವವರು ಯಾರು ಎಂದು ಗೊಣಗುತ್ತ ಹಳೆಯ ತಟ್ಟೆಯೊಂದನ್ನು ಅದಕ್ಕೆಂದು ತೆಗೆದಿಟ್ಟಳು.

ತಿದ್ದುವವಳು ನಾನು ಎಂದು ನಾನೇ ತೀರ್ಮಾನಿಸಿದೆ. ಮೊಬೈಲಿನಲ್ಲಿ ಹತ್ತಾರು ವಿಡಿಯೊ ನೋಡಿದೆ. ಊಟ ಹಾಕಿದ ಕೂಡಲೇ ಮರಿಯನ್ನು ಎತ್ತಿ ಹಿತ್ತಲಿನ ಒಂದೇ ಜಾಗಕ್ಕೆ ಒಯ್ಯಬೇಕು, ಅಲ್ಲಿ ಕೆಲಸ ಮುಗಿಸಿದರೆ ತಕ್ಷಣ ಮೆಚ್ಚಬೇಕು, ಹತ್ತು ದಿನದಲ್ಲಿ ಅದಕ್ಕೆ ತಿಳಿಯುತ್ತದೆ ಎಂದು ಹೇಳಿದ್ದರು, ಅದು ಫಲಿಸಿತು. ಅಷ್ಟಕ್ಕೆ ನನಗೆ ಕೊಂಬು ಬಂತು. ಬೇಯಿಸಿದ ಮೊಟ್ಟೆಯ ಚೂರು ಹಿಡಿದುಕೊಂಡು "ಸಿಟ್", "ಸ್ಟೇ", "ಕಮ್" ಎಂದು ಕಲಿಸಲು ಕೂತೆ. ನಮ್ಮ ಕಡೆ ಅದೇಕೋ ನಾಯಿಗೆ ಇಂಗ್ಲಿಷೇ ತಿಳಿಯುವುದು ಎಂದು ಎಲ್ಲರ ನಂಬಿಕೆ. ಎಮ್ಮೆಗೆ ಕನ್ನಡ, ನಾಯಿಗೆ ಇಂಗ್ಲಿಷು. ಡ್ರೈವರ್ ಮೊಟ್ಟೆ ತಿಂದು ನನ್ನ ಮುಖ ನೋಡುತ್ತಿತ್ತು. ನಾನು ಒಮ್ಮೆ "ಸಿಟ್" ಅನ್ನುತ್ತಿದ್ದೆ, ಒಮ್ಮೆ "ಕುಂದ್ರು" ಅನ್ನುತ್ತಿದ್ದೆ, ಸಿಟ್ಟು ಬಂದರೆ "ಎಷ್ಟ್ ಸಲ ಹೇಳ್ಬೇಕು ನಿನಗ" ಅನ್ನುತ್ತಿದ್ದೆ. ಅದಕ್ಕೆ ಮೂರೂ ಬೇರೆ ಬೇರೆ ಸದ್ದು.

ಇನ್ನೂ ದೊಡ್ಡ ತಪ್ಪು ಮಾಡಿದ್ದು "ಬಾ" ಎಂಬ ಮಾತಿನಲ್ಲಿ. ಮೈಗೆ ಉಣ್ಣಿ ಹುಳ ಬಿದ್ದವು ಎಂದು ವಾರಕ್ಕೊಮ್ಮೆ ಔಷಧಿ ನೀರಿನ ಸ್ನಾನ. "ಬಾ, ಬಾ" ಎಂದು ಮುದ್ದಾಗಿ ಕರೆಯುವುದು, ಬಂದ ಕೂಡಲೇ ಬಕೆಟ್ಟಿಗೆ ಅದ್ದುವುದು. ಇಂಜೆಕ್ಷನ್ ಹಾಕಿಸುವ ದಿನವೂ "ಬಾ". ಮೂರೇ ವಾರದಲ್ಲಿ ಡ್ರೈವರ್‌ಗೆ ಪಾಠ ಪಕ್ಕಾ ಆಯಿತು: ಬಾ ಅಂದರೆ ಬಕೆಟ್ಟು. ಆಮೇಲೆ ಯಾರು ಬಾ ಅಂದರೂ ಅದು ಬಾಲ ಮಡಚಿ ಮಂಚದ ಕೆಳಗೆ ಸೇರುತ್ತಿತ್ತು. ಕನ್ನಡದ ಅಷ್ಟು ಸಣ್ಣ, ಅಷ್ಟು ಒಳ್ಳೆಯ ಮಾತನ್ನು ನನ್ನ ಕೈಯಾರೆ ಕೆಡಿಸಿದ್ದೆ.

ಒಂದು ಸಂಜೆ ಅದು ನನ್ನ ಹೊಸ ಚಪ್ಪಲಿ ಕಡಿದು ಹಾಕಿತು. ನಾನು ಪೇಪರ್ ಸುರುಳಿ ಸುತ್ತಿ ಕೈ ಎತ್ತಿದೆ.

"ಹೋಲ್ಡಾನ್," ಎಂದ ಅಪ್ಪ.

ಎತ್ತಿದ ಕೈ ಹಾಗೆಯೇ ನಿಂತಿತು. ನಾಯಿಯೂ ನಿಂತಿತು. ಹೇಳಿದ ದನಿಯಲ್ಲಿ ಸಿಟ್ಟಿರಲಿಲ್ಲ, ಬೇಡಿಕೆಯೂ ಇರಲಿಲ್ಲ. ಬಸ್ಸಿನಲ್ಲಿ ಯಾರೋ ಇಳಿಯುವುದಿದೆ, ನಿಲ್ಲಿಸು ಎಂಬಷ್ಟೇ ಇತ್ತು. ಅಪ್ಪ ಎಡಗೈಯಿಂದ ಚಪ್ಪಲಿಯನ್ನು ತೆಗೆದು ಪಕ್ಕಕ್ಕಿಟ್ಟು, ನಾಯಿಯ ಬಾಯಿಗೆ ಒಣಗಿದ ರೊಟ್ಟಿಯ ಚೂರು ಕೊಟ್ಟ. ಸ್ವಲ್ಪ ಹೊತ್ತು ಬಿಟ್ಟು "ರೈಟ್" ಅಂದ. ಡ್ರೈವರ್ ರೊಟ್ಟಿ ಕಚ್ಚಿಕೊಂಡು ಹಿತ್ತಲಿಗೆ ಹೋಯಿತು. ನಾನು ಪೇಪರ್ ಸುರುಳಿ ಹಿಡಿದುಕೊಂಡು ಪೆದ್ದಿಯ ಹಾಗೆ ನಿಂತಿದ್ದೆ.

ಆ ದಿನದಿಂದ ಕಲಿಸುವ ಕೆಲಸ ನನ್ನ ಕೈ ತಪ್ಪಿತು. ವಿಡಿಯೊದವರೆಲ್ಲ ಹೇಳಿದ್ದು ಒಂದೇ: ಒಂದು ಮಾತಿಗೆ ಒಂದೇ ಅರ್ಥ ಇರಲಿ, ದನಿ ಒಂದೇ ಇರಲಿ, ಸಿಟ್ಟು ಬೇಡ, ಸರಿ ಮಾಡಿದ ಕ್ಷಣಕ್ಕೇ ತಿನ್ನಲು ಕೊಡಿ. ನಾನು ಅದನ್ನು ಬಾಯಿಪಾಠ ಮಾಡಿದ್ದೆ, ಅಪ್ಪನಿಗೆ ಬೇರೆ ರೀತಿಯಲ್ಲಿ ಆಡಲು ಬರುತ್ತಲೇ ಇರಲಿಲ್ಲ. ಇದ್ದದ್ದು ಎರಡು ಮಾತು, ಒಂದೊಂದಕ್ಕೂ ಒಂದೇ ಅರ್ಥ. ನಾಯಿಗೆ ಇಂಥ ಗುರು ಎಲ್ಲಿ ಸಿಗಬೇಕು? ತಿಂಗಳೊಪ್ಪತ್ತಿನಲ್ಲಿ ಡ್ರೈವರ್ ಊಟದ ತಟ್ಟೆ ಮುಂದಿಟ್ಟರೂ "ರೈಟ್" ಬರುವ ತನಕ ಬಾಯಿ ಹಾಕುತ್ತಿರಲಿಲ್ಲ. ಗೇಟಿಗೆ ಯಾರಾದರೂ ಬಂದಾಗ ಹಾರಿ ಬೀಳುತ್ತಿದ್ದದ್ದು "ಹೋಲ್ಡಾನ್" ಅಂದರೆ ಕಾಲು ಊರಿ ನಿಲ್ಲುತ್ತಿತ್ತು. ಅವ್ವ ಗೊಣಗುವುದನ್ನು ಬಿಟ್ಟು ನಾಯಿಯ ಮಜ್ಜಿಗೆ ಅನ್ನಕ್ಕೆ ಉಪ್ಪು ಕಡಿಮೆ ಹಾಕುವುದನ್ನು ಕಲಿತಳು.

ಆಮೇಲೆ ಒಂದು ಬೆಳಿಗ್ಗೆ ಅಪ್ಪ ಹೊಸ್ತಿಲು ದಾಟಿದ. ನಾನು ನೋಡಿದ್ದೇನೆ, ಆದ್ದರಿಂದ ಹೇಳುತ್ತೇನೆ: ಅವನು ದಾಟಬೇಕು ಎಂದು ದಾಟಲಿಲ್ಲ. ಡ್ರೈವರ್ ಹಗ್ಗ ಎಳೆಯಿತು, ಅಪ್ಪ ಹಿಂದೆ ಹೋದ. ಹಗ್ಗದ ಕುಣಿಕೆ ಬಲಗೈ ಮಣಿಕಟ್ಟಿನಲ್ಲಿತ್ತು. ಆ ಕೈಗೆಂದು ಫಿಸಿಯೋದವರು ಕೊಟ್ಟಿದ್ದ ರಬ್ಬರ್ ಚೆಂಡನ್ನು ಅಪ್ಪ ಯಾವತ್ತೋ ಹಿತ್ತಲಿಗೆ ಎಸೆದಿದ್ದ. ಹಗ್ಗವನ್ನು ಬಿಡುವಂತಿರಲಿಲ್ಲ, ತಿಂಗಳುಗಟ್ಟಲೆ ಸತ್ತಂತೆ ಬಿದ್ದಿದ್ದ ಬೆರಳುಗಳು ಒಂದೊಂದಾಗಿ ಅದನ್ನು ಹಿಡಿಯಲು ಕಲಿತವು.

ಕಾಲುವೆಯ ದಂಡೆಯ ಮೇಲೆ ಅವರಿಬ್ಬರ ಸಂಚಾರ ಶುರುವಾಯಿತು. ನನ್ನ ಬಸ್ಸಿಗೆ ಇನ್ನೂ ಹೊತ್ತಿರುತ್ತಿತ್ತು, ನಾನೂ ಹಿಂದೆ ಹಿಂದೆ ಹೋಗುತ್ತಿದ್ದೆ. ಚಳಿಗಾಲ ಶುರುವಾಗುವ ದಿನಗಳು. ನೀರಿನ ಮೇಲೆ ತೆಳುವಾದ ಮಂಜು, ಆಚೆ ದಡದ ಬಾಳೆ ಎಲೆಗಳು ಅರ್ಧ ಕಾಣಿಸುತ್ತಿದ್ದವು, ಅರ್ಧ ಇಲ್ಲ. ಹಂಪಿಯ ಕಡೆಯ ಬಂಡೆಗುಡ್ಡಗಳು ಇನ್ನೂ ನಿದ್ದೆಯಲ್ಲಿದ್ದವು. ಸಿಕ್ಕಿದ ಕಂಬಕ್ಕೆಲ್ಲ ನಾಯಿ ನಿಲ್ಲುತ್ತದಲ್ಲ, ಅದರ ಜಾತಿಯೇ ಕೇಳಿದಲ್ಲೆಲ್ಲ ನಿಲ್ಲುವ ರಿಕ್ವೆಸ್ಟ್ ಸ್ಟಾಪಿನ ಜಾತಿ. ಮೊದಲು ಅದು ನಿಂತಲ್ಲಿ ಅಪ್ಪ ನಿಲ್ಲುತ್ತಿದ್ದ. ಬರಬರುತ್ತಾ ಅಪ್ಪ ಹೇಳಿದಲ್ಲಿ ಅದು ನಿಲ್ಲತೊಡಗಿತು. ಮೋಟರ್ ಪಂಪಿನ ಮನೆ, ಹೋಲ್ಡಾನ್. ಅಪ್ಪನ ತುಟಿ ಏನೋ ಅಲುಗಾಡುವುದು. ರೈಟ್. ಬಿದ್ದ ಹುಣಸೆ ಮರ, ಹೋಲ್ಡಾನ್. ತುಟಿ ಅಲುಗಾಟ. ರೈಟ್. ಬಟ್ಟೆ ಒಗೆಯುವ ಕಲ್ಲು, ಹೋಲ್ಡಾನ್. ದಿನವೂ ಅದೇ ಜಾಗ, ಅಷ್ಟೇ ಹೊತ್ತು. ಯಾಕೆ ಎಂದು ನನಗೆ ತಿಳಿಯಲಿಲ್ಲ.

ಮಲ್ಲೇಶ್ ಕಾಕಾ ಒಂದು ರಜೆಯ ದಿನ ನಮ್ಮ ಜೊತೆ ನಡೆದ. ಪಂಪಿನ ಮನೆ ಬಂತು, ಅಪ್ಪ ನಿಂತ. ಹುಣಸೆ ಮರ ಬಂತು, ನಿಂತ. ಕಾಕಾ ನನ್ನ ಕಡೆ ತಿರುಗಿ, ದೇವಸ್ಥಾನದಲ್ಲಿ ಮಾತಾಡುವಷ್ಟು ಮೆಲ್ಲಗೆ, ಇದು ಬುಕ್ಕಸಾಗರ ಅಂದ. ಆ ಹಿಂದಿನದು ನಲ್ಲಾಪುರ. ಬಟ್ಟೆ ಕಲ್ಲು ಬಂದಾಗ ರಾಮಸಾಗರ. ಮುಂದೆ ಮೇನ್ ರೋಡಿನ ಸೇತುವೆ, ಅದು ಕಂಪ್ಲಿ, ಲಾಸ್ಟ್ ಸ್ಟಾಪು. ಅಪ್ಪ ಸುಮ್ಮನೆ ನಡೆಯುತ್ತಿರಲಿಲ್ಲ, ಡ್ಯೂಟಿಯಲ್ಲಿದ್ದ. ಕಣ್ಣರಳಿಸಿ ನೋಡಿದರೆ ಕಾಲುವೆ ದಂಡೆ, ಕಣ್ಣು ಕಿರಿದು ಮಾಡಿದರೆ ರೂಟು. ಆಮೇಲೆ ನನಗೂ ಹಾಗೆಯೇ ಕಾಣಿಸತೊಡಗಿತು. ಪಂಪಿನ ಮನೆ ಹತ್ತಿರ ಯಾರೋ ಬುಟ್ಟಿ ಹೊತ್ತು ಹತ್ತಿದರು, ಹುಣಸೆ ಮರದಲ್ಲಿ ಶಾಲೆ ಮಕ್ಕಳು ಇಳಿದರು. ಕಾಣದವರೆಲ್ಲ ಹತ್ತಿ ಇಳಿಯುವ ತನಕ ಅಪ್ಪ ಕಾಯುತ್ತಿದ್ದ, ನಾಯಿ ಕಾಯುತ್ತಿತ್ತು, ನಾನೂ ಕಾಯುತ್ತಿದ್ದೆ.

ಎರಡು ತಿಂಗಳಿಗೆ ಬಿಪಿ ಇಳಿಯಿತು. ಲ್ಯಾಬಿನಲ್ಲಿ ನಾನೇ ಸಕ್ಕರೆ ನೋಡಿದೆ, ಅದೂ ಇಳಿದಿತ್ತು. ಮಧ್ಯಾಹ್ನದ ನಿದ್ದೆ ಹೋಗಿ ರಾತ್ರಿಯ ನಿದ್ದೆ ಬಂತು. ದಾರಿಯಲ್ಲಿ ಸಿಕ್ಕವರು ಅಪ್ಪನ ಬದಲು ನಾಯಿಯನ್ನು ಮಾತಾಡಿಸುತ್ತಿದ್ದರು. ಅಪ್ಪನಿಗೆ ಉತ್ತರ ಕೊಡುವ ತೊಂದರೆ ಇಲ್ಲ, ಡ್ರೈವರ್ ಬಾಲ ಆಡಿಸಿದರೆ ಉತ್ತರವಾಯಿತು. ನಾಚಿಕೆ ಯಾವಾಗ ಹೋಯಿತೋ ಯಾರೂ ನೋಡಲಿಲ್ಲ.

ಮೂರನೆಯ ಮಾತು ಮಾತ್ರ ಬರಲಿಲ್ಲ. ಡಾಕ್ಟರಮ್ಮ ವರ್ಷ ತುಂಬಿತು, ಇನ್ನು ನಿಧಾನ ಅಂದರು. ಅಪ್ಪ ಮತ್ತು ನಾಯಿ ಬೆಳಿಗ್ಗೆ ಹೊರಟಾಗ ಅವ್ವ ಗೇಟಿನಲ್ಲಿ ನಿಂತು ನೋಡುತ್ತಿದ್ದಳು. ಒಂದು ಸಲ ನನ್ನ ಹತ್ತಿರ, ಹುಡುಗಾಟ ಮಾಡುವವಳಂತೆ, "ನಾಯಿಗೆ ಎರಡು ಮಾತಾದ್ರೂ ಅದಾವ" ಅಂದಳು. ಅದು ಹುಡುಗಾಟವಾಗಿರಲಿಲ್ಲ. ನನಗೆ ಆ ನಾಯಿಯ ಮೇಲೆ ಹೊಟ್ಟೆಕಿಚ್ಚಾಯಿತು, ಹೇಳಿಬಿಡುತ್ತೇನೆ.

ಜನವರಿಯ ಒಂದು ಭಾನುವಾರ ಅಪ್ಪ ಸೇತುವೆಯಲ್ಲಿ ಹಿಂತಿರುಗಲಿಲ್ಲ. ಲಾಸ್ಟ್ ಸ್ಟಾಪ್ ಮುಗಿದರೂ "ರೈಟ್" ಅಂದ. ಮೇನ್ ರೋಡಿಗೆ ಹತ್ತಿ, ಮುನ್ನೂರು ಹೆಜ್ಜೆ ನಡೆದು, ನಿಜವಾದ ಬಸ್ ಸ್ಟಾಪಿಗೆ ಬಂದು ನಿಂತ. ಹದಿನಾಲ್ಕು ತಿಂಗಳಾದ ಮೇಲೆ. ನನಗೆ ಖುಷಿ ತಡೆಯಲಾಗಲಿಲ್ಲ. ಲ್ಯಾಬಿನವರಿಗೆ ತೋರಿಸಬೇಕು ಎಂದು ಮೊಬೈಲ್ ತೆಗೆದೆ. ಹಗ್ಗವಿಲ್ಲದಿದ್ದರೂ ಈ ನಾಯಿ ಹೇಗೆ ಮಾತು ಕೇಳುತ್ತದೆ ನೋಡಿ ಎಂದು ತೋರಿಸುವ ಚಪಲ. ಅದರ ಕೊರಳಿನ ಹಗ್ಗ ಬಿಚ್ಚಿದವಳು ನಾನೇ.

ಕಂಪ್ಲಿ ಬಸ್ಸು ನಿಂತಿತ್ತು. ಹಿಂಬಾಗಿಲಲ್ಲಿ ಜೋತುಬಿದ್ದ ಹೊಸ ಕಂಡಕ್ಟರ್ ಒಮ್ಮೆ ಆಚೆ ಈಚೆ ನೋಡಿ, ಗಂಟಲೆತ್ತಿ, "ರೈಟ್, ರೈಟ್" ಅಂದ.

ಡ್ರೈವರ್ ಹೊರಟಿತು. ಅದು ತಪ್ಪು ಮಾಡಲಿಲ್ಲ, ಕಲಿತದ್ದನ್ನು ಮಾಡಿತು. ಬಸ್ಸಿನ ಹಿಂದೆ ನೆಟ್ಟಗೆ, ಕಿವಿಯೊಂದು ಮೇಲೆ, ಕಿವಿಯೊಂದು ಕೆಳಗೆ. ಅಪ್ಪ "ಹೋಲ್ಡಾನ್" ಅಂದ. ಇನ್ನೊಮ್ಮೆ ಅಂದ. ಅರ್ಧ ಬಾಯಿಯ ಆ ದನಿ ಇಂಜಿನ್ನಿನ ಸದ್ದಿನಲ್ಲಿ ನಮ್ಮಿಬ್ಬರಿಗೆ ಮಾತ್ರ ಕೇಳಿಸಿತು. ನಾನು ಚಪ್ಪಲಿ ಕೈಯಲ್ಲಿ ಹಿಡಿದು ತಿರುವಿನ ತನಕ ಓಡಿದೆ. ತಿರುವಿನ ಆಚೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲು, ಧೂಳು, ಅಷ್ಟೇ.

ಹಿಂತಿರುಗಿ ಬಂದಾಗ ಅಪ್ಪ ಖಾಲಿ ಹಗ್ಗವನ್ನು ಬಲಗೈಯಲ್ಲಿ ಹಿಡಿದು ನಿಂತಿದ್ದ. ನಾನು ಅಳುತ್ತಿದ್ದೆ, ತಪ್ಪಾಯ್ತಪ್ಪ ಅನ್ನುತ್ತಿದ್ದೆ. ಅವನು ನನ್ನನ್ನು ನೋಡುತ್ತಿರಲಿಲ್ಲ. ಮುಂದಿನ ಕಂಪ್ಲಿ ಬಸ್ಸು ಬಂತು. ನಾನು ಬೇಡ ಅನ್ನುವುದರೊಳಗೆ ಅಪ್ಪ ಎಡಗೈಯಿಂದ ಬಾಗಿಲ ಕಂಬಿ ಹಿಡಿದು, ಎಡಗಾಲು ಮೆಟ್ಟಿಲಿಗಿಟ್ಟು, ಬಲಗಾಲನ್ನು ಮೂಟೆಯಂತೆ ಎಳೆದುಕೊಂಡು ಹತ್ತಿಯೇ ಬಿಟ್ಟ.

ಆ ಬಸ್ಸಿನ ಕಂಡಕ್ಟರ್ ಎರ್ರೆಮ್ಮ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಹದಿನೈದು ದಿನ ಅಪ್ಪನ ಹತ್ತಿರ ರೂಟು ಕಲಿತವಳು. ಅಪ್ಪನನ್ನು ಕಂಡು ಅವಳ ಕೈಯಲ್ಲಿದ್ದ ಟಿಕೆಟ್ ಮಷಿನ್ ಬೀಳುವುದರಲ್ಲಿತ್ತು. ಏನೂ ಕೇಳದೆ ತನ್ನ ಸೀಟು ಬಿಟ್ಟುಕೊಟ್ಟಳು. ನಾನು ಬಿಕ್ಕುತ್ತ ಎಲ್ಲ ಹೇಳಿದೆ. ಅವಳು ಮುಂದೆ ಹೋದ ಬಸ್ಸಿನ ಕಂಡಕ್ಟರಿಗೆ ಫೋನು ಹಚ್ಚಿದಳು.

ಅಪ್ಪ ಕಿಟಕಿಯ ಹೊರಗೆ ನೋಡುತ್ತಿದ್ದ. ಕೆರೆಯ ನೀರು ಬೆಳಗಿನ ಬಿಸಿಲಿಗೆ ಬಿಳಿಯಾಗಿತ್ತು. ಬಾಳೆ ತೋಟ, ಭತ್ತದ ಗದ್ದೆ, ಗದ್ದೆಯ ನಡುವೆ ಒಂಟಿ ಬಂಡೆ, ಮತ್ತೆ ಬಾಳೆ. ಇಪ್ಪತ್ತೆಂಟು ವರ್ಷ ಕಂಡ ದಾರಿ ಹದಿನಾಲ್ಕು ತಿಂಗಳು ಅವನಿಲ್ಲದೆಯೂ ಇಲ್ಲೇ ಇತ್ತು. ನಲ್ಲಾಪುರದಲ್ಲಿ ಹತ್ತಿದ ಹೆಂಗಸೊಬ್ಬಳು ಅಪ್ಪನನ್ನು ನೋಡಿ, ರಜ ಮುಗಿತೇನ್ರಿ ಎಂದು ಕೇಳಿ, ಉತ್ತರಕ್ಕೆ ಕಾಯದೆ ಕೂತಳು. ಅಪ್ಪನ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಅವನ ಮುಖದ ಬಲ ಅರ್ಧಕ್ಕೆ ಅದು ಗೊತ್ತಾಗಲೇ ಇಲ್ಲ.

ಫೋನಿನಲ್ಲಿ ಬಂದ ಸುದ್ದಿ ಹೀಗಿತ್ತು. ಹೌದು, ಒಂದು ನಾಯಿ ಬಸ್ಸಿನ ಹಿಂದೆ ಬರುತ್ತಿತ್ತು. ಮುಂದೆ ಟ್ರ್ಯಾಕ್ಟರುಗಳಿದ್ದದ್ದರಿಂದ ಬಸ್ಸು ನಡೆದಷ್ಟೇ ವೇಗ. ಹೋಲ್ಡಾನ್ ಅಂದಲ್ಲೆಲ್ಲ ಅದೂ ನಿಲ್ಲುತ್ತಿತ್ತು, ರೈಟ್ ಅಂದರೆ ಹೊರಡುತ್ತಿತ್ತು, ಬಸ್ಸಿನ ಜನವೆಲ್ಲ ನಕ್ಕೂ ನಕ್ಕೂ ಸುಸ್ತು. ಬುಕ್ಕಸಾಗರಕ್ಕೆ ಇನ್ನೂ ಒಂದು ಮೈಲಿ ಇರುವಾಗ ಕಾಲುವೆ ಸೇತುವೆ ಹತ್ತಿರ ಒಬ್ಬರು ಇಳಿದರು. ಗಂಟಲು ಒಣಗಿದ್ದರಿಂದ ಕಂಡಕ್ಟರ್ ರೈಟ್ ಅನ್ನದೆ ಬಸ್ಸಿನ ಮೈ ತಟ್ಟಿ ಹೊರಡಿಸಿದ. ಅಲ್ಲಿಂದ ಮುಂದೆ ನಾಯಿ ಕಾಣಲಿಲ್ಲ.

ಎರ್ರೆಮ್ಮ ಆ ಸೇತುವೆ ಹತ್ತಿರ ಬಸ್ಸು ನಿಲ್ಲಿಸಿದಳು. ಡ್ರೈವರ್ ಅಲ್ಲೇ ಇತ್ತು. ರಸ್ತೆಯ ಆಚೆ ಬದಿಗೆ, ಕಾಲುವೆಯ ಅಂಚಿನಲ್ಲಿ, ನಾಲಿಗೆ ಇಳಿಬಿಟ್ಟು, ಕಂಪ್ಲಿಗೆ ಮುಖ ಮಾಡಿ ನಿಂತಿತ್ತು. ಕೊನೆಯ ಬಾರಿ ಕೇಳಿದ್ದು ಹೋಲ್ಡಾನ್, ನಿಂತಿತ್ತು. ಇನ್ನೊಂದು ಮಾತು ಬರದೆ ಅದು ಹೇಗೆ ಹೋದೀತು?

ಬಸ್ಸು ಹೋಯಿತು. ನಮ್ಮ ಮತ್ತು ನಾಯಿಯ ನಡುವೆ ಕಬ್ಬು ತುಂಬಿದ ಟ್ರ್ಯಾಕ್ಟರುಗಳು ಎರಡೆರಡು ಟ್ರೈಲರ್ ಎಳೆದುಕೊಂಡು ಒಂದರ ಹಿಂದೊಂದು ಹೋಗುತ್ತಿದ್ದವು. ಒಂದು ಹೋಗಿ ಇನ್ನೊಂದು ಬರುವ ನಡುವೆ ಸ್ವಲ್ಪವೇ ಸಂದು. ನಾನು ಕಂಡ ಕೂಡಲೇ ತಡೆಯಲಾರದೆ "ಡ್ರೈವರ್, ಬಾ, ಬಾ" ಎಂದು ಕಿರುಚಿದೆ. ಅದು ನನ್ನನ್ನು ನೋಡಿತು. ಬಾಲ ಕಾಲೊಳಗೆ ಹೋಯಿತು. ಒಂದು ಹೆಜ್ಜೆ ಹಿಂದೆ ಇಟ್ಟಿತು. ಹಿಂದೆ ಕಾಲುವೆ, ತುಂಬಿದ ನೀರು, ಎರಡೂ ಬದಿ ನುಣುಪು ಕಲ್ಲು ಕಟ್ಟಿದ ದಡ. ಬಿದ್ದ ಪ್ರಾಣಿ ಹತ್ತಿ ಬರುವುದಿಲ್ಲ. ನಾನು ರಸ್ತೆಗೆ ಕಾಲಿಟ್ಟೆ. ಅದು ಇನ್ನೊಂದು ಹೆಜ್ಜೆ ಹಿಂದೆ ಸರಿಯಿತು, ಹಿಂಗಾಲ ಕೆಳಗಿನ ಮಣ್ಣು ಜಾರಿ ನೀರಿಗೆ ಬಿತ್ತು.

ಅಪ್ಪ ನನ್ನ ತೋಳು ಹಿಡಿದ. ಬಲಗೈಯಲ್ಲಿ ಹಿಡಿದ ಎಂದು ನನಗೆ ಆಮೇಲೆ ನೆನಪಾಯಿತು. "ರೈ..." ಎಂದು ಶುರುಮಾಡಿ ನುಂಗಿಕೊಂಡ. ರೈಟ್ ಅಂದರೆ ಅದು ಮುಂದೆ ಓಡುತ್ತದೆ, ಟ್ರ್ಯಾಕ್ಟರುಗಳ ಜೊತೆ, ಕಂಪ್ಲಿಯ ಕಡೆ. ಹೋಲ್ಡಾನ್ ಅಂದರೆ ಅಲ್ಲೇ ನಿಲ್ಲುತ್ತದೆ, ಜಾರುವ ಮಣ್ಣಿನ ಮೇಲೆ. ಕಳಿಸುವ ಮಾತೊಂದು, ನಿಲ್ಲಿಸುವ ಮಾತೊಂದು. ಹತ್ತಿರಕ್ಕೆ ಕರೆಯುವ ಮಾತು ಆ ಎರಡರಲ್ಲಿ ಇಲ್ಲ. ಅಪ್ಪನ ಕತ್ತಿನ ನರ ಉಬ್ಬಿತು. ತುಟಿಗಳು ಕೂಡಿದವು, ಬಿಟ್ಟವು, ಮತ್ತೆ ಕೂಡಿದವು. ನನಗೆ ಅವನ ಮುಖ ನೋಡಲು ಭಯವಾಯಿತು. ಇನ್ನೊಂದು ಲಕ್ವಾ ಹೊಡೆಯುತ್ತಿದೆ ಅಂದುಕೊಂಡೆ.

ಒಂದು ಟ್ರ್ಯಾಕ್ಟರ್ ದಾಟಿ ಹೋಯಿತು. ಸದ್ದು ಇಳಿಯಿತು.

"ಬರ್ರಿ," ಎಂದ ಅಪ್ಪ.

ನಾನು ತಪ್ಪಾಗಿ ಕೇಳಿಸಿಕೊಂಡೆ ಅಂದುಕೊಂಡೆ. "ಬರ್ರಿ, ಬರ್ರಿ, ಬರ್ರಿ." ಹೊಸಪೇಟೆ ಸ್ಟ್ಯಾಂಡಿನಲ್ಲಿ ಬಾಗಿಲ ಪಕ್ಕ ನಿಂತು ಇಪ್ಪತ್ತೆಂಟು ವರ್ಷ ಜನರನ್ನು ಕರೆದ ರಾಗ ಅದು. ಬಡವ ಶ್ರೀಮಂತ ಎನ್ನದೆ, ಕಂಕುಳಲ್ಲಿ ಕೋಳಿ ಹಿಡಿದವಳಿಗೂ, ಮುಖ ತೊಳೆಯದ ಮಗುವಿಗೂ ಒಂದೇ ಬರ್ರಿ. ಒಬ್ಬರಿಗೂ ಬಾ ಅಂದವನಲ್ಲ. ಅಷ್ಟು ದಿನ ಎಲ್ಲಿ ಅಡಗಿತ್ತೋ, ರಾಗಸಹಿತ ಈಚೆ ಬಂತು. ಸೇತುವೆಯ ಪಕ್ಕ ಹೊಸಪೇಟೆ ಬಸ್ಸಿಗೆಂದು ಬುಟ್ಟಿ ಇಟ್ಟುಕೊಂಡು ಕೂತಿದ್ದ ಇಬ್ಬರು ಹೆಂಗಸರು ಬಸ್ಸು ಬಂತೆಂದು ಎದ್ದು ನಿಂತರು.

ಡ್ರೈವರ್‌ಗೆ ಆ ಮಾತು ಯಾರೂ ಕಲಿಸಿರಲಿಲ್ಲ. ಅದರಲ್ಲಿ ಬಕೆಟ್ಟು ಇರಲಿಲ್ಲ, ಇಂಜೆಕ್ಷನ್ ಇರಲಿಲ್ಲ. ಇದ್ದದ್ದು ದಿನವೂ ಕೇಳಿದ ಆ ದನಿ. ಕಿವಿ ಎರಡೂ ಎದ್ದವು. ರಸ್ತೆ ಖಾಲಿ ಇತ್ತು. ಅದು ಓಡಲಿಲ್ಲ, ನಡೆದೇ ಬಂತು, ಬಂದು ಅಪ್ಪನ ಸತ್ತ ಕಾಲಿನ ಮೇಲೆ ಮೈಭಾರ ಹಾಕಿ ಕೂತಿತು. ನಾನು ರಸ್ತೆ ಬದಿ ಮಣ್ಣಿನಲ್ಲಿ ಕೂತು ಹುಚ್ಚಿಯಂತೆ ಅತ್ತೆ. ಬುಟ್ಟಿಯ ಹೆಂಗಸೊಬ್ಬಳು ನೀರಿನ ಬಾಟಲಿ ಕೊಟ್ಟಳು, ನಾಯಿಗೆ ಮೊದಲು ಕುಡಿಸು ಅಂದಳು.

ಆಟೋದಲ್ಲಿ ಮನೆಗೆ ಬರುವಾಗ ದಾರಿಯುದ್ದಕ್ಕೂ ಅಪ್ಪ ಆ ಮಾತನ್ನು ಬಾಯಲ್ಲಿ ಇಟ್ಟುಕೊಂಡೇ ಇದ್ದ. ಒಮ್ಮೆ ಮೆಲ್ಲಗೆ, ಒಮ್ಮೆ ಎಳೆದು, ಕಳೆದುಹೋದೀತು ಎಂಬ ಭಯದಲ್ಲಿ. ನಾನು ಮಾತಾಡಿದರೆ ಅದು ಹಾರಿಹೋಗುತ್ತದೆ ಅನ್ನಿಸಿತ್ತು.

ನಾವು ಹೊರಟು ಮೂರು ತಾಸಾಗಿತ್ತು. ಅವಸರದಲ್ಲಿ ಅವ್ವನಿಗೆ ಫೋನು ಮಾಡಬೇಕು ಎಂಬುದೂ ನನಗೆ ಹೊಳೆದಿರಲಿಲ್ಲ. ಅವಳು ಕಾ‌ಲುವೆ ದಂಡೆಯೆಲ್ಲ ಹುಡುಕಿ ಬಂದು, ಕೆಂಪಾದ ಕಣ್ಣಿನಲ್ಲಿ ಬಾಗಿಲ ಬಳಿ ನಿಂತಿದ್ದಳು. ನನ್ನನ್ನು ಬೈಯಲು ಬಾಯಿ ತೆರೆದದ್ದು ಕಾಣಿಸಿತು. ಅಪ್ಪ ಆಟೋದಿಂದ ಇಳಿದು, ಗೇಟಿನಲ್ಲಿ ನಿಂತು, ಒಂದು ಉಸಿರು ತೆಗೆದುಕೊಂಡು, ನೆಟ್ಟಗೆ ಅವಳನ್ನೇ ನೋಡುತ್ತ ಕರೆದ.

"ಬರ್ರಿ."

ಮದುವೆಯಾದ ದಿನದಿಂದ ಅವ್ವ ಆ ಮನುಷ್ಯನ ಬಾಯಲ್ಲಿ ತನಗಾಗಿ ಬಹುವಚನ ಕೇಳಿದವಳಲ್ಲ. ಬೇರೆ ಯಾರೋ ಬಂದಿರಬೇಕು ಎಂದು ಹಿಂದೆ ತಿರುಗಿ ನೋಡಿದಳು. ಬಾಗಿಲಲ್ಲಿ ಯಾರೂ ಇರಲಿಲ್ಲ. ಆಮೇಲೆ ಸೆರಗು ಸರಿಮಾಡಿಕೊಂಡು, ಮೆಟ್ಟಿಲಿಳಿದು, ಗೇಟಿಗೆ ಬಂದಳು.